ಬರೀ ಫೇಸ್‌ಬುಕ್ಕಿನಲ್ಲಿ ಬರೆದರೆ ಏನಾಗುತ್ತದೆ?

ಮೂರು ವರ್ಷದ ಹಿಂದೆ ಸೋದರಮಾವನ ಹೊಸ ಮನೆಯ ಗೃಹಪ್ರವೇಶದಲ್ಲಿ ಎಲೆಯ ಮುಂದೆ ಕೂತಿದ್ದಾಗಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. "ಏನಮ್ಮಾ, ಬರೀ ಫೇಸ್‌ಬುಕ್ಕಲ್ಲಿ ಬರೆದ್ರೆ ಸರ್ಕಾರ ಕೇಳುತ್ತಾ?" ಎಂದು ಪಂಕ್ತಿಗೆಲ್ಲ ಕೇಳಿಸುವಂತೆ ಮಾವ ಕೇಳಿದರು. ಕಚೇರಿಯಲ್ಲಿ, ಮದುವೆಮನೆಗಳಲ್ಲಿ ಇದಕ್ಕೆ ಬಾಯಲ್ಲಿ ಉತ್ತರಿಸಿ ದಣಿದಿದ್ದೇನೆ. ಇನ್ನು ಮುಂದೆ ಕೇಳುವವರು ಇದನ್ನೇ ಓದಿಕೊಳ್ಳಲಿ.

ನನಗೆ ಸಿಟ್ಟು ಬರುವುದು ಆ 'ಬರೀ' ಎಂಬ ಪದಕ್ಕೆ. ಪತ್ರಿಕೆಯ ಓದುಗರ ಅಂಕಣಕ್ಕೆ ಪತ್ರ ಬರೆಯುತ್ತಿದ್ದ ನನ್ನ ತಂದೆಯನ್ನು ಯಾರೂ ಹೀಗೆ ಕೇಳಿದ್ದಿಲ್ಲ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ದಿನ ಬೆಳಗಾದರೆ ಪಕ್ಷದ ಸಂದೇಶ ಕಳುಹಿಸುವ ಮಾವನೂ ಮಾಡುತ್ತಿರುವುದು ರಾಜಕೀಯವನ್ನೇ.

2016ರ ಅಕ್ಟೋಬರ್ ತಿಂಗಳನ್ನು ನೆನಪಿಸಿಕೊಳ್ಳಿ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು 1,791 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಲು ಸರ್ಕಾರ ಹೊರಟಿತ್ತು; ಅದಕ್ಕಾಗಿ 812 ಮರಗಳನ್ನು ಕಡಿಯಬೇಕಿತ್ತು. 'ಸ್ಟೀಲ್ ಫ್ಲೈಓವರ್ ಬೇಡ' ಎಂಬ ಹ್ಯಾಷ್‌ಟ್ಯಾಗ್ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಅಕ್ಟೋಬರ್ 16ರ ಭಾನುವಾರ ಬೆಳಗ್ಗೆ ಯಾವ ಪಕ್ಷವೂ ಬಸ್ಸು ಮಾಡಿ ಕರೆತರದ ಸಾವಿರಾರು ಜನ ಅದೇ ರಸ್ತೆಯಲ್ಲಿ ಕೈಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು. ಕಾವೇರಿ ಚಿತ್ರಮಂದಿರದ ಹತ್ತಿರ ನನ್ನ ಎಡಗೈ ಹಿಡಿದಿದ್ದ ಹಿರಿಯರೊಬ್ಬರು, ತಾವು ಜೀವನದಲ್ಲಿ ಮೊದಲ ಬಾರಿಗೆ ಪ್ರತಿಭಟನೆಗೆ ಬಂದಿರುವುದಾಗಿಯೂ ಮಗಳು ಕಳುಹಿಸಿದ ಪೋಸ್ಟಿನಿಂದ ವಿಷಯ ತಿಳಿಯಿತೆಂದೂ ಹೇಳಿದರು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಪೋಸ್ಟೊಂದೇ ಸೇತುವೆಯನ್ನು ನಿಲ್ಲಿಸಿತೆಂದು ನಾನು ಹೇಳುವುದಿಲ್ಲ. ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆ ಇತ್ತು, ವಿರೋಧ ಪಕ್ಷ ಹೊರಿಸಿದ ಲಂಚದ ಆರೋಪವಿತ್ತು, ದಾಖಲೆಗಳನ್ನು ಕೂತು ಓದಿದವರ ಶ್ರಮವಿತ್ತು. ಆದರೆ ಒಬ್ಬರಿಗೊಬ್ಬರು ಗುರುತಿಲ್ಲದ ನಮ್ಮನ್ನು ಒಂದೇ ರಸ್ತೆಗೆ ತಂದದ್ದು ಆ ಬರವಣಿಗೆಯೇ. ಅದನ್ನು 'ಬರೀ' ಎನ್ನಲು ನಾನು ಯಾರಿಗೂ ಬಿಡುವುದಿಲ್ಲ.

ನನ್ನನ್ನು ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆಯಿದೆ, ಅದನ್ನು ಯಾರೂ ಕೇಳುವುದಿಲ್ಲ: ಸೇತುವೆಗೆ ಅಷ್ಟು ಬರೆದವರು ಚುನಾವಣೆಗೆ ಯಾಕೆ ಬರೆಯಲಿಲ್ಲ? ಬೆಂಗಳೂರು ಮಹಾನಗರ ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ 198 ವಾರ್ಡುಗಳಿಂದ ಆಯ್ಕೆಯಾದ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ಊರು ನಡೆಯಿತು. ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಆದರೆ ಮರಗಳಿಗಾಗಿ ಸೇರಿದಷ್ಟು ಜನ ಮತಕ್ಕಾಗಿ ಸೇರಲಿಲ್ಲ. ಕಡಿಯಲಿರುವ ಮರದ ಫೋಟೊ ತೆಗೆಯಬಹುದು, ನಡೆಯದೇ ಹೋದ ಚುನಾವಣೆಯ ಫೋಟೊ ತೆಗೆಯುವುದು ಹೇಗೆ? ಕಣ್ಣಿಗೆ ಕಾಣುವುದಷ್ಟೇ ಆ ಪರದೆಯ ಮೇಲೆ ಓಡುತ್ತದೆ. ಆ ವರ್ಷಗಳಲ್ಲಿ ಗುಂಡಿಗಳ ಬಗ್ಗೆ, ಕಸದ ಬಗ್ಗೆ, ಮಳೆನೀರು ನುಗ್ಗಿದ ಮನೆಗಳ ಬಗ್ಗೆ ಬರೆದ ನಾನು, ಇವನ್ನೆಲ್ಲ ಕೇಳಬೇಕಾದ ಸದಸ್ಯನೇ ಇಲ್ಲವೆಂಬುದರ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ಅಂದು ಪಂಕ್ತಿಯಲ್ಲಿ ನಾನು ಮಾವನನ್ನು ಕೇಳಿದ್ದು ಇದನ್ನೇ: "ನಿಮ್ಮ ವಾರ್ಡಿಗೆ ಈಗ ಕಾರ್ಪೊರೇಟರ್ ಯಾರು ಮಾವ?" ಅವರು ಹಳೆಯ ಸದಸ್ಯರ ಹೆಸರು ಹೇಳಿ, ಚರಂಡಿ ಕಟ್ಟಿಕೊಂಡರೆ ಫೋನ್ ಮಾಡಿದ ದಿನವೇ ಬರುತ್ತಿದ್ದರೆಂದು ನೆನಪಿಸಿಕೊಂಡರು. ಈಗ ಕಟ್ಟಿಕೊಂಡರೆ ಯಾರಿಗೆ ಹೇಳುತ್ತೀರಿ ಎಂದೆ.

"ಏನ್ ಮಾಡೋದಮ್ಮಾ, ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕ್ತೀನಿ" ಎಂದರು ಮಾವ.