ಕೇಳೋರೇ ಇಲ್ಲದ ಹಾಡು

"ಇದೇನೋ ಇದು, ಜಗಳವಾ?" ಎಂದು ಕೇಳುತ್ತಾ ಸೋದರತ್ತೆ ಹಾಲಿಗೆ ಬಂದರು. ರಿಟೈರಾದ ಸಂಗೀತದ ಟೀಚರ್ ಅವರು. ಮದುವೆಮನೆಯ ನಾದಸ್ವರದಲ್ಲೂ ತಪ್ಪು ಹುಡುಕದೆ ಊಟಕ್ಕೆ ಕೂರುವವರಲ್ಲ.

ಈ ಭಾನುವಾರ ನಾನು ಹಾಕಿದ್ದು ಅಮೆರಿಕದ ಸೇಕ್ರೆಡ್ ಹಾರ್ಪ್ ಗಾಯನ, ಅಂದರೆ ಊರಿನವರೆಲ್ಲ ಸೇರಿ ಹಾಡುವ ಭಕ್ತಿಗೀತೆಗಳು. 1959ರಲ್ಲಿ ಅಲಬಾಮಾದ ಫೈಫ್ ಅನ್ನೋ ಪುಟ್ಟ ಊರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ರೆಕಾರ್ಡ್ ಮಾಡಿಕೊಂಡದ್ದು. ವಾದ್ಯ ಒಂದೂ ಇಲ್ಲ. ಗಂಡಸರು, ಹೆಂಗಸರು ಎಲ್ಲ ಗಂಟಲು ಹರಿಯುವ ಹಾಗೆ ಹಾಡುತ್ತಾರೆ.

ಅತ್ತೆ ಮುಖ ಸಿಂಡರಿಸಿಕೊಂಡೇ ಕೂತರು. ಮುಂದಿನ ಹಾಡು ಶುರುವಾಯಿತು ನೋಡಿ, ಬೆನ್ನು ನೆಟ್ಟಗಾಯಿತು. "ಅಯ್ಯೋ, ಮೊದಲು ಸ್ವರ ಹಾಡ್ತಿದಾರಲ್ಲೋ!" ಹೌದು, ನಮ್ಮ ಪಿಳ್ಳಾರಿ ಗೀತೆ ಪಾಠದ ಹಾಗೇ. ಒಂದು ಸುತ್ತು ಫಾ, ಸೋಲ್, ಲಾ, ಆಮೇಲೆ ಸಾಹಿತ್ಯ. ಇವರು ಹಾಡುವ 'ದಿ ಸೇಕ್ರೆಡ್ ಹಾರ್ಪ್' ಅನ್ನೋ ಪುಸ್ತಕ 1844ರಲ್ಲಿ ಜಾರ್ಜಿಯಾದ ವೈಟ್ ಮತ್ತು ಕಿಂಗ್ ತಂದದ್ದು. ಅದರಲ್ಲಿ ಸ್ವರದ ಗುರುತುಗಳಿಗೇ ಆಕಾರ: ಫಾ ತ್ರಿಕೋನ, ಸೋಲ್ ದುಂಡಗೆ, ಲಾ ಚೌಕ, ಮಿ ವಜ್ರದಾಕಾರ. ಆಕಾರ ನೋಡಿ ಹಾಡಿದರಾಯಿತು. "ಏಳು ಸ್ವರಕ್ಕೆ ನಾಲ್ಕೇ ಹೆಸರಾ? ಜಿಪುಣರು!" ಅಂದರು ಅತ್ತೆ.

ಆಮೇಲೆ ಕೇಳಿದರು: "ಕೇಳೋರು ಎಲ್ಲಿ ಕೂತಿರ್ತಾರೆ?"

"ಕೇಳೋರೇ ಇಲ್ಲ ಅತ್ತೆ."

"ಮತ್ತೆ ಯಾರಿಗೋಸ್ಕರ ಹಾಡೋದು?"

ವಾರವೆಲ್ಲ ಇದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಭಾವ ಮಾತ್ರ ಮೊಬೈಲಿನಿಂದ ತಲೆ ಎತ್ತದೆ "ವ್ಯೂಸ್ ಎಷ್ಟಿದೆ?" ಅಂದರು. ವ್ಯೂಸ್ ನೋಡದೆ ಅವರಿಗೆ ಏನೂ ಇಷ್ಟವಾಗುವುದಿಲ್ಲ, ಬಿಡಿ.

ಹಾಡುವವರು ನಾಲ್ಕು ಗುಂಪಾಗಿ, ಚೌಕದ ನಾಲ್ಕು ಬದಿಗಳಲ್ಲಿ ಒಳಮುಖವಾಗಿ ಕೂರುತ್ತಾರೆ. ನಡುವೆ ನಿಂತು ನಡೆಸುವವರು ಸರದಿ ಮೇಲೆ ಬದಲಾಗುತ್ತಾರೆ. ಮಕ್ಕಳೂ ಬರಬಹುದು, ಮುದುಕರೂ ಬರಬಹುದು. ಪುಟದ ನಂಬರ್ ಹೇಳಿ ನಡುವೆ ನಿಂತರೆ ನಾಲ್ಕೂ ದನಿ ಬಂದು ಅವರಿಗೇ ಬಡಿಯುತ್ತವೆ. ಅಲ್ಲಿರುವ ಒಳ್ಳೆ ಜಾಗ ಅದೊಂದೇ, ಅದು ಸರದಿ ಬಂದವರಿಗೆ. ದೊಡ್ಡ ಸಮಾವೇಶಗಳಲ್ಲಿ ಆ ವರ್ಷ ತೀರಿಕೊಂಡವರ ಹೆಸರು ಓದಿ ಅವರಿಗಾಗಿಯೂ ಹಾಡುತ್ತಾರೆ. ಯಾರಿಗೋಸ್ಕರ ಅನ್ನುವುದಕ್ಕೆ ಅತ್ತೆಗೆ ಇದನ್ನು ಹೇಳಬಹುದಿತ್ತು. ಆದರೆ ಅದೂ ಪೂರ್ತಿ ಉತ್ತರ ಅಲ್ಲ ಅಲ್ವಾ?

ಅಮೆರಿಕದ ಹೆಸರಾಂತ ಕೋರಸ್ ನಿರ್ದೇಶಕ ರಾಬರ್ಟ್ ಶಾ ನಡೆಸಿದ ಕೋರಸ್‌ಗಳ ರೆಕಾರ್ಡಿಂಗೂ ನನ್ನ ಹತ್ತಿರ ಇವೆ. ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ ಒಂದು ಸುಕ್ಕಿಲ್ಲ. ಕೇಳಿ ಭೇಷ್ ಅನ್ನುತ್ತೇನೆ, ನನ್ನ ಕೆಲಸ ಅಷ್ಟೇ. ಫೈಫ್‌ನವರನ್ನು ಕೇಳುವಾಗ ಮಾತ್ರ ಸುಮ್ನೆ ಕೂರೋಕೆ ಆಗಲ್ಲ, ಬಾಯಿ ತಾನಾಗಿ ತೆರೆಯುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಗಣೇಶನ ಭಜನೆ ನೆನಪಾಗುತ್ತದೆ. ಮೈಕು ಒಬ್ಬರ ಕೈಯಲ್ಲಿ, ಉಳಿದವರೆಲ್ಲ ವಿಡಿಯೋ ಮಾಡುತ್ತಾ ನಿಂತಿರುತ್ತಾರೆ. ಸ್ವರ ಚೆನ್ನಾಗಿಲ್ಲದವರು ಬಾಯಿ ಮುಚ್ಚಿಕೊಂಡಿರಬೇಕು ಅಂತ ಯಾರು ಕಾನೂನು ಮಾಡಿದರೋ. ಮಾಡಿದವರಲ್ಲಿ ಅತ್ತೆಯಂಥ ಟೀಚರುಗಳ ಪಾಲೂ ಜಾಸ್ತಿಯೇ ಇದೆ.

ನಿನ್ನೆ ಅವರೇ ಫೋನ್ ಮಾಡಿದರು. "ಆ ಕಿರುಚೋರಿಗೆ ಶ್ರುತಿ ಯಾರು ಕೊಡ್ತಾರೆ?"

"ಅನುಭವ ಇರೋರೊಬ್ಬರು ಅಂದಾಜಲ್ಲಿ ಎತ್ತಿಕೊಡ್ತಾರೆ ಅತ್ತೆ."

"ಶ್ರುತಿಪೆಟ್ಟಿಗೆ ಇಲ್ದೇನಾ?"

"ಇಲ್ದೇನೇ."

"ಅದಕ್ಕೇ ಮತ್ತೆ!" ಅಂದವರು, "ಅದರ ಲಿಂಕ್ ಕಳಿಸು" ಅಂತ ಫೋನಿಟ್ಟರು.