ನಾನೇ ನೋಡಿದೀನಿ ಕಣೋ!

ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಬರದಿದ್ದರೂ ಆ ಭಾನುವಾರ ಮಧ್ಯಾಹ್ನ ನಾನು ಹಾಕಿದ ಹಳೆಯ ಇಂಗ್ಲಿಷ್ ಸಿನಿಮಾ ಮುಂದೆ ಅವರು ಕೂತದ್ದಕ್ಕೆ ಕಾರಣ ಬೇರೆ: ಅವರ ಧಾರಾವಾಹಿ ಭಾನುವಾರ ಬರುವುದಿಲ್ಲ. 'ಅರ್ಥ ಆಗದಿದ್ರೆ ಹೇಳ್ತೀನಿ' ಅಂದೆ. 'ಅರ್ಥ ಆಗದಿದ್ರೆ ಮಲಗ್ತೀನಿ' ಅಂದರು.

ಸಿನಿಮಾ ಆಲ್ಫ್ರೆಡ್ ಹಿಚ್‌ಕಾಕ್‌ನ 'ರಿಯರ್ ವಿಂಡೋ'. 1954ರದು. ನಾನು ಮೊದಲೇ ನೋಡಿದ್ದೆ, ಹಾಗಾಗಿ ಅವತ್ತು ಅರ್ಧ ಸಿನಿಮಾವನ್ನು, ಇನ್ನರ್ಧ ದೊಡ್ಡಮ್ಮನನ್ನು ನೋಡಿದೆ. ಶುರುವಾಗುವುದೇ ಮಾತಿಲ್ಲದೆ. ಕ್ಯಾಮೆರಾ ಒಂದು ಅಂಗಳವನ್ನು ಸುತ್ತಿ ಬಂದು, ಬೆವರು ಹರಿಯುತ್ತಿರುವ ಒಂದು ಮುಖ ತೋರಿಸುತ್ತದೆ. ಆಮೇಲೆ ಪ್ಲಾಸ್ಟರ್ ಹಾಕಿದ ಕಾಲು, ಚೂರಾದ ಕ್ಯಾಮೆರಾ, ಗೋಡೆಯ ಮೇಲೆ ರೇಸ್ ಕಾರು ಪಲ್ಟಿಯಾಗುತ್ತಿರುವ ಫೋಟೋ. ನಾನು ಬಾಯಿ ತೆಗೆಯುವುದರೊಳಗೆ ದೊಡ್ಡಮ್ಮ, 'ಫೋಟೋ ತೆಗೆಯೋಕೆ ಹೋಗಿ ಕಾಲು ಮುರ್ಕೊಂಡಿದಾನೆ' ಅಂದರು. ಅಲ್ಲಿಗೆ ನನ್ನ ದುಭಾಷಿ ಕೆಲಸ ಹೋಯಿತು.

ಕಥೆ ನಡೆಯುವುದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ, ಬೇಸಿಗೆಯ ಧಗೆಯಲ್ಲಿ. ಎಲ್ಲರ ಕಿಟಕಿಗಳೂ ತೆರೆದಿವೆ. ಗಾಲಿಕುರ್ಚಿಯಲ್ಲಿರುವ ಫೋಟೋಗ್ರಾಫರ್ ಜೆಫ್‌ಗೆ, ಅಂದರೆ ನಟ ಜೇಮ್ಸ್ ಸ್ಟೂವರ್ಟ್‌ಗೆ, ಎದುರು ಮನೆಗಳನ್ನು ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಒಬ್ಬ ನರ್ತಕಿ, ಪಿಯಾನೋ ಮುಂದೆ ಒದ್ದಾಡುವ ಒಬ್ಬ ಸಂಗೀತಗಾರ, ಕಿಟಕಿಯ ಪರದೆ ಎಳೆದುಕೊಂಡ ನವದಂಪತಿ, ನಾಯಿಮರಿಯನ್ನು ಬುಟ್ಟಿಯಲ್ಲಿ ಕೂರಿಸಿ ಹಗ್ಗದಲ್ಲಿ ಕೆಳಗಿಳಿಸುವ ಗಂಡ ಹೆಂಡತಿ. ಹಾಸಿಗೆ ಹಿಡಿದ ಹೆಂಡತಿಯ ಜೊತೆ ಸದಾ ಜಗಳವಾಡುವ ಸೇಲ್ಸ್‌ಮನ್ ಥಾರ್ವಾಲ್ಡ್. ಇದಿಷ್ಟೂ ಸೆಟ್ಟು. ಪ್ಯಾರಾಮೌಂಟ್ ಸ್ಟುಡಿಯೋದ ಒಳಗೆ 31 ಮನೆಗಳನ್ನು ಕಟ್ಟಿದ್ದರು. ಎತ್ತರ ಸಾಲದೆ ನೆಲವನ್ನೇ ಕಿತ್ತು, ನೆಲಮಾಳಿಗೆಯನ್ನು ಅಂಗಳ ಮಾಡಿದ್ದರು. ಇದನ್ನು ಹೇಳಿದಾಗ ದೊಡ್ಡಮ್ಮ, 'ಸುಮ್ನಿರೋ, ನೋಡೋಕೆ ಬಿಡು' ಅಂದರು. ಅವರ ಗಮನವೆಲ್ಲ ಕೆಳಮಹಡಿಯ ಒಂಟಿ ಹೆಂಗಸಿನ ಮೇಲೆ. ಜೆಫ್ ಅವಳಿಗೆ 'ಮಿಸ್ ಲೋನ್ಲಿಹಾರ್ಟ್ಸ್' ಎಂದು ಹೆಸರಿಟ್ಟಿದ್ದಾನೆ. ಇಬ್ಬರಿಗೆ ಊಟದ ಮೇಜು ಸಜ್ಜುಮಾಡಿ, ಬಾಗಿಲು ತೆರೆದು, ಇಲ್ಲದ ಅತಿಥಿಯನ್ನು ಒಳಗೆ ಕರೆದು, ಕೊನೆಗೆ ಮೇಜಿಗೆ ತಲೆಯಿಟ್ಟು ಅಳುತ್ತಾಳೆ. ದೊಡ್ಡಮ್ಮ ಏನೂ ಮಾತಾಡಲಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಹೆಚ್ಚು ಕಂಡಿಲ್ಲ.

ಜೆಫ್‌ನ ಪ್ರೇಯಸಿಯಾಗಿ ಗ್ರೇಸ್ ಕೆಲ್ಲಿ ಬಂದ ಮೇಲೆ ಮತ್ತೆ ಬಾಯಿ ಬಂತು. ಮನೆ ಬಾಗಿಲಿಗೆ ಹೋಟೆಲಿನ ಊಟ ತರಿಸುವ ಇಷ್ಟು ಚೆಂದದ ಹುಡುಗಿಯನ್ನು ಮದುವೆಯಾಗಲು ಮೀನಮೇಷ ಎಣಿಸುವ ಗಂಡಸಿನ ಬಗ್ಗೆ ಅವರು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ನಿಜವಾದ ತಕರಾರು ಶುರುವಾದದ್ದು ಆಮೇಲೆ. ಮಳೆಯ ರಾತ್ರಿ. ಥಾರ್ವಾಲ್ಡ್ ನಡುರಾತ್ರಿಯಲ್ಲಿ ಸೂಟ್‌ಕೇಸ್ ಹಿಡಿದು ಹೊರಗೆ ಹೋಗುತ್ತಾನೆ, ಬರುತ್ತಾನೆ, ಮತ್ತೆ ಹೋಗುತ್ತಾನೆ. ಜೆಫ್ ನೋಡಿ ನೋಡಿ ನಿದ್ದೆಹೋಗುತ್ತಾನೆ. ಅವನು ಮಲಗಿರುವಾಗಲೇ ಥಾರ್ವಾಲ್ಡ್ ಕಪ್ಪು ಉಡುಪಿನ ಒಬ್ಬ ಹೆಂಗಸಿನ ಜೊತೆ ಮನೆಯಿಂದ ಹೊರಡುತ್ತಾನೆ. ಅದು ಜೆಫ್‌ಗೆ ಗೊತ್ತಿಲ್ಲ, ನಮಗೆ ಗೊತ್ತು. ಹೆಚ್ಚುಕಡಿಮೆ ಇಡೀ ಸಿನಿಮಾ ಅವನ ಕೋಣೆಯೊಳಗಿಂದಲೇ, ಬಹುಮಟ್ಟಿಗೆ ಅವನ ಕಣ್ಣಿನಿಂದಲೇ ನೋಡಿಸುವ ಹಿಚ್‌ಕಾಕ್ ಈ ಒಂದು ತುಣುಕನ್ನು ಮಾತ್ರ ಅವನಿಂದ ಮುಚ್ಚಿಟ್ಟು ನಮಗೆ ಕೊಡುತ್ತಾನೆ. ಮೊದಲ ಸಲ ನೋಡಿದಾಗ ನಾನು ಇದಕ್ಕೆ ಗಮನವನ್ನೇ ಕೊಟ್ಟಿರಲಿಲ್ಲ. ದೊಡ್ಡಮ್ಮ ಕೊಟ್ಟರು.

ಮರುದಿನ ಹೆಂಡತಿಯ ಹಾಸಿಗೆ ಖಾಲಿ. ಥಾರ್ವಾಲ್ಡ್ ಗರಗಸವನ್ನೂ ಉದ್ದನೆಯ ಚಾಕುವನ್ನೂ ಪೇಪರಿನಲ್ಲಿ ಸುತ್ತುತ್ತಾನೆ. ದೊಡ್ಡ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾನೆ. ಜೆಫ್, ಅವನ ಹುಡುಗಿ, ಬೆನ್ನು ತಿಕ್ಕಲು ಬರುವ ನರ್ಸ್ ಸ್ಟೆಲ್ಲಾ, ಮೂವರೂ ಕೊಲೆ ಎಂದು ತೀರ್ಮಾನಿಸುತ್ತಾರೆ. ದೊಡ್ಡಮ್ಮ ಒಪ್ಪಲಿಲ್ಲ. 'ಇವನು ಗೊರಕೆ ಹೊಡೀತಿದ್ದಾಗ ಅವಳು ಹೋದಳಲ್ಲ. ನಾನೇ ನೋಡಿದೀನಿ ಕಣೋ!' ಪತ್ತೇದಾರ ಗೆಳೆಯ ಡಾಯ್ಲ್ ಬಂದು, ಗಂಡ ಹೆಂಡತಿ ಬೆಳಿಗ್ಗೆ ರೈಲು ನಿಲ್ದಾಣಕ್ಕೆ ಹೋದದ್ದನ್ನು ಕಂಡವರಿದ್ದಾರೆ ಎಂದಾಗ (ಇಷ್ಟನ್ನು ಮಾತ್ರ ನಾನು ಅನುವಾದಿಸಿದೆ) ದೊಡ್ಡಮ್ಮನ ಮುಖದಲ್ಲಿ ಕೇಸು ಗೆದ್ದ ಕಳೆ. 'ಹಾಸಿಗೆ ಹಿಡಿದವಳು ಅಷ್ಟು ಸಲೀಸಾಗಿ ನಡೆದು ಹೋಗ್ತಾಳಾ?' ಎಂದು ಕೇಳಿದೆ. 'ಗಂಡನ ಕಾಟ ತಪ್ಪುತ್ತೆ ಅಂದ್ರೆ ಯಾರಾದ್ರೂ ನಡೀತಾರೆ.' ಮುಂದಿನದು ಗೊತ್ತಿದ್ದೂ ಬಾಯಿ ಬಿಡದೆ ಕೂರುವುದು ಎಷ್ಟು ಕಷ್ಟ!

ಅವರ ಪಟ್ಟು ಸಡಿಲಿಸಿದ್ದು ನಾಯಿ. ಹೂವಿನ ಪಾತಿಯನ್ನು ಕೆದಕುತ್ತಿದ್ದ ಆ ಪುಟ್ಟ ನಾಯಿಯ ಕತ್ತು ಯಾರೋ ಮುರಿದಿದ್ದಾರೆ. ಮೇಲಿನ ಮನೆಯಾಕೆ ಅಳುತ್ತಾ, ನೆರೆಹೊರೆ ಅಂದರೆ ಏನೆಂದು ನಿಮಗೆ ಗೊತ್ತಾ ಎಂದು ಇಡೀ ವಠಾರವನ್ನು ಬೈಯುತ್ತಾಳೆ. ಅಲ್ಲಿಯವರೆಗೆ ಜೆಫ್‌ನ ಕೋಣೆ ಬಿಟ್ಟು ಕದಲದ ಕ್ಯಾಮೆರಾ ಆಗ ಅಂಗಳಕ್ಕಿಳಿದು ಒಬ್ಬೊಬ್ಬರ ಮುಖವನ್ನೂ ಹತ್ತಿರದಿಂದ ತೋರಿಸುತ್ತದೆ. ಎಲ್ಲರೂ ಕಿಟಕಿಗೆ ಬಂದಿದ್ದಾರೆ, ಒಬ್ಬನನ್ನು ಬಿಟ್ಟು. ಥಾರ್ವಾಲ್ಡ್‌ನ ಕತ್ತಲೆ ಕೋಣೆಯಲ್ಲಿ ಸಿಗರೇಟಿನ ಕೆಂಡ ಮಾತ್ರ ಹೊಳೆದು ಆರುತ್ತದೆ.

'ಇವನೇ' ಅಂದರು ದೊಡ್ಡಮ್ಮ. ಸ್ವಲ್ಪ ತಡೆದು, 'ಹಾಗಾದ್ರೆ ಅವಳ್ಯಾರು?'

ಕೊನೆಯ ಅರ್ಧ ಗಂಟೆ ಅವರು ಸೋಫಾದ ಅಂಚಿನಲ್ಲಿದ್ದರು. ಗ್ರೇಸ್ ಕೆಲ್ಲಿ ಕಿಟಕಿ ಹತ್ತಿ ಕೊಲೆಗಾರನ ಮನೆಯೊಳಗೆ ನುಗ್ಗಿ ಸಿಕ್ಕಿಬೀಳುತ್ತಾಳೆ. ಪೊಲೀಸರು ಬಂದಾಗ, ಬೆನ್ನ ಹಿಂದೆ ಕೈ ಇಟ್ಟು, ತನ್ನ ಬೆರಳಿಗೆ ಹಾಕಿಕೊಂಡ ಆ ಹೆಂಡತಿಯ ಉಂಗುರವನ್ನು ಜೆಫ್‌ಗೆ ತೋರಿಸುತ್ತಾಳೆ. ಥಾರ್ವಾಲ್ಡ್ ಆ ಬೆರಳನ್ನು ಗಮನಿಸುತ್ತಾನೆ. ಅದು ಯಾರಿಗೆ ಸನ್ನೆ ಎಂದು ನಿಧಾನವಾಗಿ ತಲೆಯೆತ್ತಿ ನೇರ ನಮ್ಮ ಕಡೆಗೇ ನೋಡುತ್ತಾನೆ. ಇಡೀ ಸಿನಿಮಾದಲ್ಲಿ ನನಗೆ ಅತಿ ಭಯ ಹುಟ್ಟಿಸುವುದು ಇದು. ಆಮೇಲೆ ಅವನು ಜೆಫ್‌ನ ಕೋಣೆಗೆ ನುಗ್ಗುವುದಾಗಲಿ, ಜೆಫ್ ಫ್ಲ್ಯಾಶ್ ಬಲ್ಬು ಉರಿಸಿ ಅವನ ಕಣ್ಣು ಕುಕ್ಕಿಸುವುದಾಗಲಿ ಇದರ ಮುಂದೆ ಏನೂ ಅಲ್ಲ. 'ಲೈಟ್ ಆರಿಸೋ!' ಎಂದು ದೊಡ್ಡಮ್ಮ ಕೂಗಿದರು. ತೆರೆಯ ಮೇಲೆ ಜೆಫ್ ಸ್ಟೆಲ್ಲಾಳಿಗೆ ಅದನ್ನೇ ಕೂಗಿದ.

ಮುಗಿದ ಮೇಲೆ ಕಾಫಿ ಮಾಡಲು ಎದ್ದವನನ್ನು ಕೂರಿಸಿದರು. ಕಪ್ಪು ಉಡುಪಿನವಳನ್ನು ಮತ್ತೆ ತೋರಿಸಬೇಕಂತೆ. ಹಿಂದಕ್ಕೆ ಓಡಿಸಿ ತೋರಿಸಿದೆ. ಎದ್ದು ಟೀವಿಯ ಹತ್ತಿರವೇ ಹೋಗಿ ನಿಂತರು. ದೂರದ ಕಿಟಕಿ, ಅರೆಗತ್ತಲೆ, ಮುಖದ ಗುರುತು ಹತ್ತುವಂತಿಲ್ಲ. 'ಮೋಸ' ಅಂದರು. 'ನನ್ನ ಕಣ್ಣಿಗೇ ಮಣ್ಣೆರಚಿದಾನೆ. ಯಾರಿವನು ಇದನ್ನ ತೆಗೆದೋನು?'

ಅವನೂ ಈ ಸಿನಿಮಾದಲ್ಲೇ ಇದ್ದಾನೆ ಎಂದು ಇನ್ನಷ್ಟು ಹಿಂದಕ್ಕೆ ಹೋದೆ. ಸಂಗೀತಗಾರನ ಮನೆಯಲ್ಲಿ ನಿಂತು ಗಡಿಯಾರಕ್ಕೆ ಕೀಲಿ ಕೊಡುವ ಆ ಬೊಕ್ಕತಲೆಯ ಮನುಷ್ಯನನ್ನು ನಿಲ್ಲಿಸಿ ತೋರಿಸಿದೆ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡರು.

'ಇಷ್ಟು ದಪ್ಪ ಇದ್ದರೂ ಕಾಣಿಸಲೇ ಇಲ್ಲವಲ್ಲೋ!'