ದೊಡ್ಡವ್ವನಿಗೆ ಒಂದು ಇಳಕಲ್ ಸೀರೆ

ಯಾರಿಗಾದರೂ ಏನಾದರೂ ಕೊಡಬೇಕು ಅಂದಾಗ ನಾನು ಮೊದಲು ನೋಡುವುದು ಇಷ್ಟೇ: ಇದರಿಂದ ಅವರಿಗೆ ಎಷ್ಟು ಕೆಲಸ ಬೀಳುತ್ತದೆ? ಸೀರೆ ಕೊಟ್ಟರೆ ಫಾಲ್ ಹಚ್ಚಿಸಬೇಕು, ಕುಚ್ಚು ಕಟ್ಟಿಸಬೇಕು, ಜಂಪರ್ ಹೊಲಿಸಬೇಕು. ರೇಷ್ಮೆಯಾದರೆ ಡ್ರೈಕ್ಲೀನ್ ಬೇರೆ. ಯಾರಿಗೆ ಬೇಕು ಅಂತ ಅದು ಸೀದಾ ಟ್ರಂಕಿಗೆ ಹೋಗುತ್ತದೆ, ಮುಂದಿನ ಮದುವೆಯಲ್ಲಿ ಇನ್ಯಾರದೋ ಕೈಗೆ. ಬ್ಲೌಸ್ ಪೀಸುಗಳ ಕತೆಯಂತೂ ಕೇಳಲೇಬೇಡಿ. ಒಂದು ಹಸಿರು ಪೀಸು ನಮ್ಮ ಬಳಗವನ್ನೆಲ್ಲ ಸುತ್ತಿ ಅಮ್ಮನ ಹತ್ತಿರವೇ ವಾಪಸ್ ಬಂದಿತ್ತು.

ಹುನಗುಂದದ ನಮ್ಮ ದೊಡ್ಡವ್ವ ಅಂಗನವಾಡಿಯಿಂದ ನಿವೃತ್ತಿ ಆಗುವಾಗ ಮನೆಯಲ್ಲಿ ಎಲ್ಲರೂ ಕಾಂಚೀವರಂ ಅಂದರು. ಆ ಬಿಸಿಲಲ್ಲಿ? ಆಕೆ ವರ್ಷವಿಡೀ ಹತ್ತಿ ಉಡುವವಳು. ತಾನೇ ಒಗೆದು, ಒದರಿ, ಹಗ್ಗಕ್ಕೆ ಹಾಕುವವಳು. ನಾನು ಇಳಕಲ್ಲಿಗೇ ಹೋದೆ.

ಇಳಕಲ್ ಸೀರೆಯಲ್ಲೂ ಬಗೆಗಳಿವೆ. ಪೂರ್ತಿ ಹತ್ತಿಯದು, ಪೂರ್ತಿ ರೇಷ್ಮೆಯದು, ಹತ್ತಿಯ ಒಡಲಿಗೆ ರೇಷ್ಮೆ ಸೆರಗಿನದು. ದಡಿಯಲ್ಲಿ ಚಿಕ್ಕಿಪರಾಸ, ಗೋಮಿ, ಗಾಡಿದಡಿ. ದೊಡ್ಡವ್ವ ಉಡುವುದು ಚಿಕ್ಕಿಪರಾಸ, ಹಾಗಾಗಿ ಅಲ್ಲಿ ನನ್ನ ಇಷ್ಟ ನಡೆಯುವಂತಿರಲಿಲ್ಲ. ಅಳತೆಯೂ ಅಷ್ಟೆ. 6, 8, 9 ಗಜದಲ್ಲಿ ನೇಯುತ್ತಾರೆ. ಅಂಗಡಿಯವರು ಕೇಳದೆಯೇ ಆರು ಗಜದ್ದನ್ನು ಮುಂದೆ ಹಾಸಿದರು. ಆಕೆಗೆ ಬೇಕಾದದ್ದು ಎಂಟು. ಹತ್ತಿಯ ಒಡಲು, ರೇಷ್ಮೆ ಸೆರಗು, ದಾಳಿಂಬೆ ಬಣ್ಣ ಅಂತ ಹೇಳಿದೆ.

ಬಣ್ಣಕ್ಕಿಂತ ಜಾಸ್ತಿ ಹೊತ್ತು ನಾನು ನೋಡಿದ್ದು ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು. ಸೆರಗಿನ ಕೆಂಪಿನಲ್ಲಿ ತೋಪತೆನಿ ಅನ್ನುವ ಬಿಳಿ ವಿನ್ಯಾಸ ಎದ್ದು ಕಾಣುತ್ತದೆ, ನಿಜ. ಆದರೆ ಕೈಕೆಲಸ ಇರುವುದು ಅದಕ್ಕೂ ಮುಂಚೆ. ಒಡಲಿನ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಎಳೆಗಳು, ಬೇರೆ; ಸೆರಗಿನ ಹಾಸೇ ಬೇರೆ. ಎರಡೂ ಕಡೆಯ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಒಂದಕ್ಕೊಂದು ಸಿಕ್ಕಿಸುತ್ತಾರೆ. ನೇಕಾರರು ಇದನ್ನು ಕೊಂಡಿ ಅನ್ನುತ್ತಾರೆ. ಕೊಂಡಿ ಹಾಕುವುದಾದರೆ ಒಂದು ಸೀರೆಗೆ ಬೇಕಾದಷ್ಟೇ ಹಾಸು ಮಾಡಿಕೊಳ್ಳಬೇಕು. ಮುಂದಿನ ಸೀರೆಗೆ ಮತ್ತೆ ಮೊದಲಿಂದ. ಸೀರೆ ತಿರುವಿ ಆ ಗೆರೆಯ ಮೇಲೆ ಬೆರಳು ಆಡಿಸುತ್ತಿದ್ದರೆ ಅಂಗಡಿಯವರು, "ಕೊಂಡಿ ನೋಡಾಕತ್ತೀರಿ? ಹಂಗಾರ ನಿಮಗ ಬ್ಯಾರೇನೇ ತೋರಸ್ತೀನಿ ತಡೀರಿ" ಅಂತ ಒಳಗೆ ಹೋದರು. ಎರಡನೇ ಸಲ ತಂದ ಗಂಟಿನಲ್ಲೇ ನಮ್ಮ ಸೀರೆ ಸಿಕ್ಕಿತು. ಬಣ್ಣ ಬಿಡುತ್ತದಾ ಅಂತ ಕೇಳಿದೆ. ಮೊದಲ ಸಲ ತಣ್ಣೀರಲ್ಲಿ, ಬೇರೆಯಾಗಿ ಒಗೀರಿ ಅಂದರು.

ಜಂಪರಿಗೆ ಗುಳೇದಗುಡ್ಡದ ಖಣ. ಅದೂ ಬಾಗಲಕೋಟೆ ಜಿಲ್ಲೆಯದೇ, ಇಳಕಲ್ ಸೀರೆಯ ಹಳೆಯ ಜೋಡಿ. ಅಳತೆಗೆ ಅಂತ ದೊಡ್ಡವ್ವನ ಮಗಳು ಆಕೆಗೆ ಗೊತ್ತಾಗದ ಹಾಗೆ ಒಂದು ಹಳೆ ಜಂಪರ್ ತಂದುಕೊಟ್ಟಳು. ಮೊಣಕೈವರೆಗೆ ತೋಳು, ಹುಕ್ಕಿನ ಬದಲು ಟಿಚ್ ಬಟನ್, ಎಡಬದಿಗೆ ಒಳಗೊಂದು ಪುಟ್ಟ ಕಿಸೆ. ಬಸ್ಸಿನ ಚಿಲ್ಲರೆ, ಅಂಗನವಾಡಿಯ ಕೀಲಿಕೈ ಎಲ್ಲ ಅದರಲ್ಲೇ. ಟೇಲರಿಗೆ ಕಿಸೆಯ ಮಾತನ್ನು ಬಿಡದೆ ಹೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು, ಆದರೆ ಹೊಲಿದರು. ಫಾಲ್, ಕುಚ್ಚು ಎಲ್ಲ ಮುಗಿಸಿಯೇ ಕೊಟ್ಟೆವು.

ಬೀಳ್ಕೊಡುಗೆ ದಿನ ದೊಡ್ಡವ್ವ ಅದನ್ನೇ ಉಟ್ಟು ಬಂದಳು. ಹಾರ ಹಾಕಿಸಿಕೊಂಡು ಕೆಳಗಿಳಿದವಳು ನನ್ನನ್ನು ಪಕ್ಕಕ್ಕೆ ಕರೆದು, "ಎಲ್ಲಾ ಚಲೋ ಆಗೇತಿ. ಕಿಸೆ ಒಂದೀಟು ದೊಡ್ಡದ ಇಡಸಬೇಕಿತ್ತವ್ವಾ, ಮೊಬೈಲ್ ಹಿಡಿಯಂಗಿಲ್ಲ ನೋಡು" ಅಂದಳು.